ಇಳಿಯಬಾರದ ಗಣಿಯೊಳಗೊಂದು ಪಯಣ

ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗದಿಂದ ಕವಲೊಡೆಯುವ ರೈಲುಹಳಿ ಹದಿನಾರು ಕಿಲೋಮೀಟರ್ ಸಾಗಿ ಮಾರಿಕುಪ್ಪಂನಲ್ಲಿ ಮುಗಿದುಹೋಗುತ್ತದೆ. 1894ರಲ್ಲಿ ಈ ಹಳಿ ಹಾಕಿದ್ದು ಕೋಲಾರದ ಚಿನ್ನದ ಗಣಿಗಳಿಗಾಗಿ. ಯಂತ್ರ, ಕಲ್ಲಿದ್ದಲು, ಮರಮುಟ್ಟು ಎಲ್ಲವೂ ಬರುತ್ತಿದ್ದದ್ದು ಇದೇ ದಾರಿಯಲ್ಲಿ. ಈಗ ಇದೇ ಹಳಿಯ ಮೇಲೆ ದಿನವೂ ನಸುಕಿನಲ್ಲಿ ಸಾವಿರಾರು ಮಂದಿ ಬುತ್ತಿ ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ರಾತ್ರಿಯಾದ ಮೇಲೆ ಮರಳುತ್ತಾರೆ. ಒಂದು ಕಾಲಕ್ಕೆ ಹೊರಗಿನವರು ಕೆಲಸ ಹುಡುಕಿ ಬರುತ್ತಿದ್ದ ಊರಿದು. ಇಂದು ಊರವರೇ ಕೆಲಸ ಹುಡುಕಿ ಹೊರಗೆ ಹೋಗುತ್ತಿದ್ದಾರೆ.

ಊರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂಗಳಲ್ಲಿ ಸುತ್ತಾಡಿದರೆ ಬೂದುಬಣ್ಣದ ಬೋಳು ದಿಬ್ಬಗಳು ಕಾಣುತ್ತವೆ. ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳವು. ಊರವರ ಬಾಯಲ್ಲಿ ಅವು ಸೈನೈಡ್ ಗುಡ್ಡಗಳು. ಅಲ್ಲಲ್ಲಿ ತುಕ್ಕು ಹಿಡಿದ ಕಬ್ಬಿಣದ ಗೋಪುರಗಳು, ಬೀಗ ಜಡಿದ ಕಲ್ಲುಕಟ್ಟಡಗಳು. ಕಣ್ಣಿಗೆ ಬೀಳುವುದು ಇಷ್ಟೇ. ಆದರೆ ನೋಡುವವರ ಕಾಲ ಕೆಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳದವರೆಗೆ, ಉದ್ದ ಅಳೆದರೆ ಸಾವಿರ ಕಿಲೋಮೀಟರನ್ನೂ ಮೀರುವ ಸುರಂಗಗಳ ಜಾಲವೊಂದಿದೆ.

2018ರಲ್ಲಿ ಇದೇ ಊರಿನ ಹೆಸರು ಹೊತ್ತ ಚಲನಚಿತ್ರ ತೆರೆಗೆ ಬಂದ ಮೇಲೆ ‘ಕೆಜಿಎಫ್’ ಎಂಬ ಮೂರಕ್ಷರ ದೇಶವಿದೇಶಗಳಲ್ಲಿ ಮನೆಮಾತಾಯಿತು. ಹೊರಗಿನಿಂದ ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ: ಒಳಗೆ ಇಳಿದು ನೋಡಬಹುದೇ? ಇಲ್ಲ ಎಂಬುದೇ ಉತ್ತರ. ಬೀಗ ಹಾಕಿದ್ದಾರೆ ಎಂಬ ಕಾರಣಕ್ಕಷ್ಟೇ ಅಲ್ಲ. ಬಳಸದೆ ಬಿಟ್ಟ ಮನೆ ಹತ್ತಾರು ವರ್ಷ ಹಾಗೇ ನಿಂತಿರಬಹುದು; ಬಳಸದೆ ಬಿಟ್ಟ ಆಳದ ಗಣಿ ಹಾಗೆ ನಿಲ್ಲುವುದಿಲ್ಲ. ಗಾಳಿ ಊದುವವರು, ನೀರೆತ್ತುವವರು, ಆಸರೆ ಕಟ್ಟುವವರು ಇರುವಷ್ಟು ದಿನ ಮಾತ್ರ ಅದು ಮನುಷ್ಯ ಹೊಕ್ಕು ಬರಬಹುದಾದ ಜಾಗ. ಈ ಮಾತು ಮನದಟ್ಟಾಗಬೇಕಾದರೆ ಆ ಸುರಂಗಗಳಲ್ಲಿ ಒಮ್ಮೆ ಇಳಿದು ಬರಬೇಕು: ಕಾಲಿನಿಂದಲ್ಲ, ದಾಖಲೆಗಳ ಬೆಳಕಿನಲ್ಲಿ.

ಮೊದಲ ನೂರು ಅಡಿ

ಬ್ರಿಟಿಷರು ಬಂದು ಇಲ್ಲಿ ಚಿನ್ನ ಕಂಡುಹಿಡಿದರು ಎಂಬ ಮಾತು ಅರ್ಧ ಸತ್ಯ. ಅವರು ಬರುವ ಹೊತ್ತಿಗೆ ಇಲ್ಲಿ ನೂರಾರು ಅಡಿ ಆಳದ ಹಳೆಯ ಗುಂಡಿಗಳಿದ್ದವು. ಸಿಡಿಮದ್ದು ಇಲ್ಲದ ಕಾಲದಲ್ಲಿ ಬಂಡೆ ಒಡೆಯುವ ಉಪಾಯ ಸರಳವಾಗಿತ್ತು. ಬಂಡೆಯ ಬುಡಕ್ಕೆ ಸೌದೆ ಒಟ್ಟಿ ಬೆಂಕಿ ಹಚ್ಚುವುದು. ಬಂಡೆ ಚೆನ್ನಾಗಿ ಕಾದ ಮೇಲೆ ನೀರು ಸುರಿಯುವುದು. ಬಿರುಕು ಬಿಟ್ಟ ಕಲ್ಲನ್ನು ಉಳಿಯಿಂದ ಎಬ್ಬಿಸಿ ಬುಟ್ಟಿಯಲ್ಲಿ ಮೇಲಕ್ಕೆ ಕಳಿಸುವುದು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂಥ ಹಳೆಯ ಗುಂಡಿಯೊಂದರಲ್ಲಿ 640 ಅಡಿ ಆಳದಲ್ಲಿ ಸಿಕ್ಕ ಮರದ ತುಂಡನ್ನು ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಅದಕ್ಕೆ ಸುಮಾರು ಎರಡು ಸಾವಿರ ವರ್ಷ ವಯಸ್ಸಾಗಿದೆ ಎಂದು ತಿಳಿದುಬಂತು. ಅಷ್ಟು ಆಳಕ್ಕೆ ಬೆಂಕಿ, ನೀರು, ಗಾಳಿ ಒಯ್ದ ಆ ಅನಾಮಿಕರ ಹೆಸರು ಯಾವ ಶಾಸನದಲ್ಲೂ ಇಲ್ಲ.

1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಮೈಸೂರು ರಾಜ್ಯದ ಗಡಿ ಗುರುತಿಸುವ ಕೆಲಸ ಲೆಫ್ಟಿನೆಂಟ್ ಜಾನ್ ವಾರೆನ್ ಪಾಲಿಗೆ ಬಂತು. 1802ರಲ್ಲಿ ಈ ಸೀಮೆಗೆ ಬಂದ ಆತ ಇಲ್ಲಿ ಚಿನ್ನವಿದೆಯೆಂಬ ಸುದ್ದಿ ಕೇಳಿ, ತೋರಿಸಿಕೊಟ್ಟವರಿಗೆ ಇನಾಮು ಕೊಡುವುದಾಗಿ ಸಾರಿದ. ಊರಿಗಾಂ ಕಡೆಯ ಹಳ್ಳಿಗರು ಗಾಡಿ ತುಂಬ ಮಣ್ಣು ತಂದು ಅವನೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪಂ ಬಳಿ ಗುಂಡಿಯೊಳಗಿಂದ ಗಂಡಸರು ಕೈಯಿಂದ ಕೈಗೆ ಕಲ್ಲಿನ ಬುಟ್ಟಿ ದಾಟಿಸುವುದನ್ನೂ, ಹೆಂಗಸರು ಬಂಡೆಯ ಮೇಲೆ ಆ ಕಲ್ಲನ್ನು ಕುಟ್ಟಿ ಪುಡಿ ಮಾಡುವುದನ್ನೂ ಆತ ಕಂಡು ಬರೆದಿಟ್ಟ. ಮುಂದೆ ಹಳೆಯ ಗುಂಡಿಗಳಲ್ಲಿ ಮೇಲಿಂದ ಮೇಲೆ ಅಪಘಾತಗಳಾಗಿ, 1859ರಲ್ಲಿ ನೆಲದಡಿಯ ಅಗೆತವನ್ನೇ ನಿಷೇಧಿಸಲಾಯಿತು. ಪಾಳುಬಿದ್ದ ಗಣಿಗೆ ಇಳಿಯಬೇಡಿ ಎಂಬ ಎಚ್ಚರಿಕೆ ಈ ನೆಲಕ್ಕೆ ಹೊಸದಲ್ಲ.

ಕೇಜಿನೊಳಗಿನ ಬದುಕು

ನ್ಯೂಜಿಲೆಂಡಿನ ಯುದ್ಧದಲ್ಲಿ ಹೋರಾಡಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಮೈಕೇಲ್ ಲವೆಲ್ 1871ರಲ್ಲಿ ವಾರೆನ್ನನ ಹಳೆಯ ವರದಿಯನ್ನು ಓದಿದ. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಗೆ ಹೆಸರು ಬಂದದ್ದು ಇವನಿಂದಲೇ. 1875ರಲ್ಲಿ ಸರ್ಕಾರದಿಂದ ಇಪ್ಪತ್ತು ವರ್ಷಗಳ ಪರವಾನಗಿ ಪಡೆದು ಊರಿಗಾಂ ಬಳಿ ಅಗೆತ ಶುರುಮಾಡಿದ. ಆದರೆ ಅವನ ಜೇಬು ಚಿಕ್ಕದು, ಬಂಡೆ ದೊಡ್ಡದು. ಎರಡು ವರ್ಷಗಳಲ್ಲಿ ಹಕ್ಕು ಬೇರೆಯವರ ಕೈ ಸೇರಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಮೂರು ವರ್ಷಗಳ ಬಳಿಕ, ಷೇರುದಾರರು ಕೈಚೆಲ್ಲುವ ಹೊತ್ತಿಗೆ, ‘ಚಾಂಪಿಯನ್’ ಎಂದು ಹೆಸರಾದ ಅದಿರಿನ ಎಳೆ ಸಿಕ್ಕಿತು. ಉತ್ತರ ದಕ್ಷಿಣವಾಗಿ ಹಲವು ಕಿಲೋಮೀಟರ್ ಹಬ್ಬಿದ, ಹೆಚ್ಚಿನ ಕಡೆ ಒಂದು ಮೀಟರಿನಷ್ಟೇ ದಪ್ಪದ ಬಿಳಿಗಲ್ಲಿನ ಪಟ್ಟಿ. ಪಾತಾಳದ ಕಡೆಗೆ ಇಳಿಯುತ್ತ ಹೋದ ಆ ಪಟ್ಟಿಯ ಬೆನ್ನು ಹತ್ತಿ ಮನುಷ್ಯರು ನೂರಿಪ್ಪತ್ತು ವರ್ಷ ಇಳಿಯುತ್ತಲೇ ಹೋದರು.

ಆಳದ ಗಣಿಯ ಒಡಲು ಬಹುಮಹಡಿ ಕಟ್ಟಡವೊಂದನ್ನು ತಲೆಕೆಳಗಾಗಿ ಹೂತಂತೆ. ನೆಲದಿಂದ ನೇರ ಕೆಳಗಿಳಿಯುವ ಬಾವಿಯೇ ಶಾಫ್ಟ್. ಅದರಲ್ಲಿ ಉಕ್ಕಿನ ಹಗ್ಗಕ್ಕೆ ಜೋತ ಕೇಜು ಏರಿಳಿಯುತ್ತದೆ. ಸರಿಸುಮಾರು ನೂರು ಅಡಿಗೊಂದರಂತೆ ಅಡ್ಡ ಸುರಂಗಗಳು. ಅವಕ್ಕೆ ಲೆವೆಲ್ ಎಂದು ಹೆಸರು. ಚಾಂಪಿಯನ್ ರೀಫ್ ಗಣಿಯಲ್ಲಿ ಲೆವೆಲ್‌ಗಳ ಸಂಖ್ಯೆ ನೂರನ್ನು ದಾಟಿತ್ತು. ಲೆವೆಲ್‌ನಿಂದ ಅದಿರಿನ ಪಟ್ಟಿಯ ಗುಂಟ ಕೊರೆದ ಇಕ್ಕಟ್ಟಾದ ಪೊಟರೆಗಳಲ್ಲಿ ನಿಜವಾದ ಕೆಲಸ: ಕಲ್ಲಿಗೆ ತೂತು ಕೊರೆಯುವುದು, ಮದ್ದು ತುಂಬಿ ಸಿಡಿಸುವುದು, ಒಡೆದ ಅದಿರನ್ನು ಟ್ರಾಲಿಗೆ ತುಂಬುವುದು. ಅದಿರು ತೆಗೆದ ಖಾಲಿ ಜಾಗ ಕುಸಿಯದಂತೆ ಗ್ರಾನೈಟ್ ಕಲ್ಲುಗಳ ಗೋಡೆ ಕಟ್ಟುತ್ತಿದ್ದರು. ನೆಲದ ಮೇಲಿನ ಕಲ್ಲನ್ನು ಕೆತ್ತಿ ಪಾತಾಳಕ್ಕೆ ಸಾಗಿಸಿ ಕಟ್ಟಿದ ಗೋಡೆಗಳವು. ಚಿನ್ನ ಮೇಲಕ್ಕೆ, ಕಲ್ಲು ಕೆಳಕ್ಕೆ.

ಇಷ್ಟು ದೊಡ್ಡ ಯಂತ್ರಕ್ಕೆ ಹಬೆಯ ಶಕ್ತಿ ಸಾಲದಾಯಿತು. ಕಾವೇರಿಯ ಶಿವನಸಮುದ್ರದಲ್ಲಿ ಜಲವಿದ್ಯುತ್ ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು, 1902ರ ಜೂನ್‌ನಲ್ಲಿ ಗಣಿಗೆ ವಿದ್ಯುತ್ ಕೊಡಲಾಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ.

ಬಂಡೆಯೇ ಬೇಯುವ ಆಳ

ಭೂಮಿಯೊಳಗೆ ಇಳಿದಂತೆಲ್ಲ ಕಾವು ಏರುತ್ತದೆ. ಕೋಲಾರದ ಗಣಿಯ ತಳದಲ್ಲಿ ಬಂಡೆಯ ಉಷ್ಣತೆ 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿತ್ತು. ಬರಿಗೈ ಊರಿ ನಿಲ್ಲಲಾಗದ ಬಿಸಿ. ಅಂಥಲ್ಲಿ ಮನುಷ್ಯ ದುಡಿಯಬೇಕಾದರೆ ಮೇಲಿನಿಂದ ಗಾಳಿ ಊದಬೇಕು. ಊದುವ ಗಾಳಿಯನ್ನು ಮೊದಲೇ ತಂಪು ಮಾಡಬೇಕು. 1930ರ ದಶಕದಲ್ಲಿ ಗಾಳಿ ತಣಿಸುವ ದೊಡ್ಡ ಸ್ಥಾವರಗಳು ಇಲ್ಲಿ ಬಂದವು. ಭಾರತದ ಬಹುಪಾಲು ಜನ ಹವಾನಿಯಂತ್ರಣ ಎಂಬ ಪದವನ್ನೇ ಕೇಳದಿದ್ದ ಕಾಲವದು. ಅದು ಸುಖಕ್ಕಾಗಿ ಮಾಡಿದ್ದಲ್ಲ. ಅದಿಲ್ಲದೆ ಕೆಳಗೆ ಬದುಕಿರಲು ಸಾಧ್ಯವಿರಲಿಲ್ಲ.

ಗಾಳಿಯ ಜೊತೆಗೆ ದೂಳೂ ಇತ್ತು. ಬಿಳಿಗಲ್ಲನ್ನು ಕೊರೆಯುವಾಗ ಏಳುವ ಸಣ್ಣ ದೂಳು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಬರುವುದಿಲ್ಲ. ಅದರಿಂದ ಬರುವ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು, ಅದಕ್ಕೆ ಮದ್ದಿಲ್ಲ. 1940ರ ದಶಕದಲ್ಲಿ ಇಲ್ಲಿನ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ಅದರ ಗುರುತುಗಳು ಕಂಡವು. ಉತ್ತರ ಆರ್ಕಾಟ್, ಸೇಲಂ, ಚಿತ್ತೂರುಗಳ ಬಡ ಹಳ್ಳಿಗಳಿಂದ, ಕೋಲಾರದ ಸುತ್ತಮುತ್ತಲಿನಿಂದ ಬಂದವರು ಅವರು. ಬಂಗಾರ ಲಂಡನ್ನಿಗೆ ಹೋಯಿತು. ದೂಳು ಇಲ್ಲಿನವರ ಎದೆಯಲ್ಲಿ ಉಳಿಯಿತು.

ದೂಳಿಗಿಂತ ಹಠಾತ್ತನೆ ಎರಗುವ ಅಪಾಯ ಇನ್ನೊಂದಿತ್ತು. ಮೂರು ಕಿಲೋಮೀಟರ್ ದಪ್ಪದ ಕಲ್ಲಿನ ಭಾರ ಹೊತ್ತ ಬಂಡೆಯಲ್ಲಿ ಟೊಳ್ಳು ಮಾಡಿದರೆ ಆ ಭಾರವೆಲ್ಲ ಪಕ್ಕದ ಬಂಡೆಯ ಮೇಲೆ ಬೀಳುತ್ತದೆ. ತಾಳುವಷ್ಟು ತಾಳಿ, ಒಂದು ಗಳಿಗೆಯಲ್ಲಿ ಅದು ಸಿಡಿಯುತ್ತದೆ. ಮದ್ದಿಲ್ಲದೆ ಆಗುವ ಈ ಸ್ಫೋಟಕ್ಕೆ ಶಿಲಾಸ್ಫೋಟ ಎನ್ನುತ್ತಾರೆ. ಅದರ ಲೆಕ್ಕವಿಡಲು 1912ರಷ್ಟು ಹಿಂದೆಯೇ ಇಲ್ಲಿ ಭೂಕಂಪನಮಾಪಕವೊಂದನ್ನು ಇಟ್ಟಿದ್ದರು. 1962ರ ನವೆಂಬರಿನಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಾದ ಶಿಲಾಸ್ಫೋಟದ ಪೆಟ್ಟು ನೆಲದ ಮೇಲಿನ ಕಟ್ಟಡಗಳಿಗೂ ತಟ್ಟಿತು. ಬಂಡೆ ಯಾವಾಗ ಸಿಡಿಯುತ್ತದೆ ಎಂದು ಮೊದಲೇ ಹೇಳಲು ಸಾಧ್ಯವೇ ಎಂಬ ಹುಡುಕಾಟದಿಂದ ಇಲ್ಲಿ ಒಂದು ವಿಜ್ಞಾನವೇ ಬೆಳೆಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಕೆಜಿಎಫ್‌ನಲ್ಲೇ ಹುಟ್ಟಿದ್ದು ಆಕಸ್ಮಿಕವಲ್ಲ.

ಕತ್ತಲಲ್ಲಿ ಕಣದ ಬೇಟೆ

ಈ ಆಳಕ್ಕೆ ಚಿನ್ನದ ಆಸೆಯಿಲ್ಲದೆ ಇಳಿದವರೂ ಇದ್ದರು. ಹೋಮಿ ಭಾಭಾ ಅವರ ಸಲಹೆಯಂತೆ 1950ರ ದಶಕದ ಆರಂಭದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತರುಣ ವಿಜ್ಞಾನಿ, ಮೈಸೂರು ಸೀಮೆಯವರೇ ಆದ ಬಿ.ವಿ. ಶ್ರೀಕಂಠನ್ ಉಪಕರಣ ಹೊತ್ತು ಕೋಲಾರದ ಗಣಿಗೆ ಬಂದರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳು ಬಂಡೆಯನ್ನು ಎಷ್ಟು ಆಳದವರೆಗೆ ತೂರಿ ಬರುತ್ತವೆ ಎಂದು ಅಳೆಯುವುದು ಕೆಲಸ. ಇಳಿದಂತೆ ಕಣಗಳು ವಿರಳವಾಗುತ್ತ ಹೋದವು. 1960ರ ದಶಕದ ಆರಂಭದಲ್ಲಿ ಅತಿ ಆಳದ ಒಂದು ನೆಲೆಯಲ್ಲಿ ಉಪಕರಣ ಹೂಡಿ ಎರಡು ತಿಂಗಳು ಕಾದರೂ ಒಂದೇ ಒಂದು ಕಣ ಸಿಗಲಿಲ್ಲ.

ಸೋಲೆಂದು ಕೈಬಿಡಬಹುದಾಗಿದ್ದ ಆ ಶೂನ್ಯವೇ ಅವರಿಗೆ ವರವಾಯಿತು. ಗದ್ದಲವೇ ಇಲ್ಲದ ಜಾಗವೆಂದರೆ ಪಿಸುಮಾತು ಕೇಳಿಸುವ ಜಾಗ. ಏನನ್ನೂ ತಾಕದೆ ಭೂಮಿಯನ್ನೇ ತೂರಿಹೋಗುವ ನ್ಯೂಟ್ರಿನೊ ಎಂಬ ಕಣದ ಸುಳಿವು ಹಿಡಿಯಲು ಇದಕ್ಕಿಂತ ಒಳ್ಳೆಯ ತಾಣ ಎಲ್ಲಿ? ಟಾಟಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಂ ವಿಶ್ವವಿದ್ಯಾಲಯಗಳ ತಂಡ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಹೂಡಿತು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಜಗತ್ತಿನಲ್ಲೇ ಮೊದಲು ಸಿಕ್ಕಿದ್ದು 1965ರಲ್ಲಿ, ಇಲ್ಲಿ ಮತ್ತು ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ. 1980ರ ದಶಕದಲ್ಲಿ 140 ಟನ್ ಕಬ್ಬಿಣದ ಉಪಕರಣವೊಂದು ಪ್ರೋಟಾನ್ ಎಂದಾದರೂ ಸಾಯುತ್ತದೆಯೇ ಎಂದು ಇದೇ ಗಣಿಯ ಕತ್ತಲಲ್ಲಿ ಕಾಯುತ್ತ ಕುಳಿತಿತ್ತು. 1990ರ ದಶಕದ ಆರಂಭದಲ್ಲಿ ಆ ಕೆಲಸ ನಿಂತಿತು. ಗಣಿಯೇ ನಿಲ್ಲುವ ಸೂಚನೆಗಳು ಆಗಲೇ ಕಾಣತೊಡಗಿದ್ದವು.

ಪಂಪು ನಿಂತ ಮೇಲೆ

ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಹೆಚ್ಚು ಚಿನ್ನ ಸಿಗುತ್ತಿತ್ತು. 1990ರ ದಶಕದಲ್ಲಿ ಅದು ನಾಲ್ಕು ಗ್ರಾಂಗಿಂತ ಕೆಳಕ್ಕೆ ಇಳಿದಿತ್ತು. ಆಳ ಹೆಚ್ಚಿದಂತೆ ಗಾಳಿ, ನೀರು, ಆಸರೆಗಳ ಖರ್ಚು ಏರಿತು, ಚಿನ್ನ ಇಳಿಯಿತು. 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೂ, 1962ರಲ್ಲಿ ಕೇಂದ್ರದ ವಶಕ್ಕೂ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದ ಕಂಪನಿ ನಷ್ಟದಲ್ಲಿ ಮುಳುಗಿ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿತು. ಕೊನೆಗೆ ಉಳಿದಿದ್ದ ಸುಮಾರು ಮೂರೂವರೆ ಸಾವಿರ ನೌಕರರು ಮನೆಗೆ ಹೋದರು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ಐದು ಕೋಟಿ ಟನ್ ಅದಿರು ಎತ್ತಿ 800 ಟನ್‌ಗೂ ಹೆಚ್ಚು ಚಿನ್ನ ಕೊಟ್ಟ ಗಣಿ ಅದು.

ಮನುಷ್ಯರ ಕಥೆ ಅಲ್ಲಿಂದ ನ್ಯಾಯಾಲಯಗಳಿಗೆ ಸಾಗಿತು. ಸುರಂಗಗಳ ಕಥೆ ಬೇರೆಯೇ ದಾರಿ ಹಿಡಿಯಿತು. ಭೂಮಿಯೊಳಗೆ ಟೊಳ್ಳು ಮಾಡಿದರೆ ಸುತ್ತಲಿನ ನೀರು ಅಲ್ಲಿಗೆ ಜಿನುಗುತ್ತದೆ. ಗಣಿ ನಡೆಯುತ್ತಿದ್ದಾಗ ಆ ನೀರನ್ನು ಹಗಲೂ ರಾತ್ರಿ ಪಂಪುಗಳು ಮೇಲಕ್ಕೆತ್ತುತ್ತಿದ್ದವು. ಅವು ನಿಂತ ದಿನದಿಂದ ನೀರು ತಳದಿಂದ ಒಂದೊಂದೇ ಲೆವೆಲ್ ತುಂಬುತ್ತ ಮೇಲೇರಿತು. ನ್ಯೂಟ್ರಿನೊ ಹಿಡಿದ ಕೋಣೆ, ಗ್ರಾನೈಟ್ ಗೋಡೆಗಳು, ಟ್ರಾಲಿಯ ಹಳಿಗಳು, ಎಲ್ಲವೂ ಈಗ ನೀರಿನಡಿಯಲ್ಲಿವೆ. ಬಂಡೆಯಂತೂ ಸುಮ್ಮನಾಗಿಲ್ಲ. ಗಣಿ ಮುಚ್ಚಿ ವರ್ಷಗಳು ಕಳೆದ ಮೇಲೂ ಈ ನೆಲದಲ್ಲಿ ಸಣ್ಣ ನಡುಕಗಳು ದಾಖಲಾಗಿವೆ. ತುಂಬುವ ನೀರಿನ ಒತ್ತಡಕ್ಕೂ ಆ ನಡುಕಗಳಿಗೂ ಇರುವ ನಂಟನ್ನು ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ.

ಕಣ್ಣಿಗೆ ಕಾಣದ ಶತ್ರು

ನೀರು ಮುಟ್ಟದ ಮೇಲಿನ ಸುರಂಗಗಳಿಗಾದರೂ ಹೋಗಬಹುದಲ್ಲ ಎಂದು ಸಾಹಸಪ್ರಿಯರು ಕೇಳಬಹುದು. ಅಲ್ಲಿ ಕಾದಿರುವುದು ಇನ್ನೂ ಕಪಟದ ಶತ್ರು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇಕಡ 21ರಷ್ಟಿರುತ್ತದೆ. ಗಾಳಿಯಾಡದ ಸುರಂಗದಲ್ಲಿ ಕೊಳೆಯುವ ಮರ ಅದನ್ನು ತಿನ್ನುತ್ತದೆ. ತುಕ್ಕು ಹಿಡಿಯುವ ಕಬ್ಬಿಣ ತಿನ್ನುತ್ತದೆ. ಬಂಡೆಯಲ್ಲಿನ ಗಂಧಕದ ಖನಿಜಗಳೂ ತಿನ್ನುತ್ತವೆ. ಪ್ರಮಾಣ ಶೇಕಡ 16ಕ್ಕೆ ಇಳಿದರೆ ದೀಪ ಆರುತ್ತದೆ, ಬುದ್ಧಿ ಮಂಕಾಗುತ್ತದೆ. ಹತ್ತಕ್ಕಿಂತ ಕೆಳಗಿಳಿದರೆ ಎಚ್ಚರ ತಪ್ಪುತ್ತದೆ. ಆರಕ್ಕೆ ಇಳಿದಲ್ಲಿ ಕೆಲವೇ ಉಸಿರು, ಅಷ್ಟೇ. ಇದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಗಂಟಲು ಉರಿಯುವುದಿಲ್ಲ. ಇಂದಿನ ಬ್ಯಾಟರಿ ದೀಪವಂತೂ ಆರಿ ಎಚ್ಚರಿಸುವುದೂ ಇಲ್ಲ. ಹೊತ್ತುಕೊಂಡವನು ಬಿದ್ದ ಮೇಲೂ ಉರಿಯುತ್ತಲೇ ಇರುತ್ತದೆ.

ಇನ್ನೊಂದು ವಿಚಿತ್ರವೆಂದರೆ ಪಾಳುಗಣಿ ತಾನೇ ಉಸಿರಾಡುತ್ತದೆ. ಹೊರಗೆ ವಾತಾವರಣದ ಒತ್ತಡ ಏರಿದಾಗ ಬಾಯಿಂದ ಒಳ್ಳೆಯ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಮಳೆ ಬರುವ ಮುನ್ನ ಒತ್ತಡ ಕುಸಿದಾಗ ಒಳಗಿನ ಹಳಸಿದ ಗಾಳಿಯನ್ನು ಹೊರಕ್ಕೆ ಉಗುಳುತ್ತದೆ. ಹೀಗಾಗಿ ನಿನ್ನೆ ಕ್ಷೇಮವಾಗಿ ಹೋಗಿಬಂದ ಜಾಗವೇ ಇಂದು ಕೊಲ್ಲಬಹುದು. ಮೊದಲು ಬಿದ್ದವನನ್ನು ಎತ್ತಲು ಓಡಿದವನೇ ಎರಡನೆಯ ಹೆಣವಾಗುವುದು ಗಣಿಗಳ ಇತಿಹಾಸದಲ್ಲಿ ಮತ್ತೆ ಮತ್ತೆ ನಡೆದಿದೆ. ಜೊತೆಗೆ ನೆಲದಲ್ಲಿ ಬಾಯ್ದೆರೆದ ಗುಂಡಿಗಳು, ಅವುಗಳ ಮೇಲೆ ಮುಗ್ಗಿದ ಹಲಗೆಗಳು, ಕಾಲಿಟ್ಟರೆ ಕಳಚುವ ಏಣಿಗಳು. ತಿಳಿನೀರು ನಿಂತ ಗುಂಡಿಯಂತೂ ಮೊಣಕಾಲುದ್ದದ ಮಡುವಿನಂತೆ ಕಾಣುತ್ತದೆ. ಅದರಡಿ ನೂರಾರು ಅಡಿ ಇರಬಹುದು.

ಇವು ಹೆದರಿಸಲು ಹೇಳುವ ಮಾತುಗಳಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್‌ನಿಂದ ದುಡಿಮೆ ನಿಂತಿದ್ದ ದಿನಗಳಲ್ಲಿ, ಮಾರಿಕುಪ್ಪಂನ ಪಾಳುಗಣಿಗೆ ಕಳವಿಗೆಂದು ಇಳಿದವರಲ್ಲಿ ಮೂವರು ಉಸಿರುಗಟ್ಟಿ ಪ್ರಾಣ ಬಿಟ್ಟರು. ಅವರನ್ನು ಕಳ್ಳರೆಂದು ಕರೆದು ಪುಟ ಮಗುಚುವುದು ಸುಲಭ. ಆದರೆ ಗಣಿ ನಡೆಯುತ್ತಿದ್ದ ಕಾಲದಲ್ಲಿ ಗಾಳಿ ಪರೀಕ್ಷಿಸಿ, ಆಸರೆ ತಟ್ಟಿ ನೋಡಿ, ಗಂಟೆ ಬಾರಿಸಿ ಕೆಳಗಿಳಿಸುವ ವ್ಯವಸ್ಥೆಯೊಂದು ಇತ್ತು. ಸಾವುನೋವು ಆಗಲೂ ಇತ್ತು, ಬಹಳವೇ ಇತ್ತು. ಆದರೂ ಇಳಿದವನು ಏರಿ ಬಂದನೇ ಎಂದು ಲೆಕ್ಕ ಇಡುವವನೊಬ್ಬ ಬಾಯಲ್ಲಿ ಕೂತಿರುತ್ತಿದ್ದ. ಈಗ ಇಳಿಯುವವರ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ.

ಬೇರೆಯವರು ಏನು ಮಾಡಿದರು?

ಮುಚ್ಚಿದ ಗಣಿಯ ಹಣೆಬರಹ ಎಲ್ಲೆಡೆ ಹೀಗೆಯೇ ಆಗಬೇಕೆಂದಿಲ್ಲ. ಅಮೆರಿಕದ ದಕ್ಷಿಣ ಡಕೋಟಾದ ಹೋಂಸ್ಟೇಕ್ ಚಿನ್ನದ ಗಣಿಗೂ ಕೋಲಾರಕ್ಕೂ ಇರುವ ಹೋಲಿಕೆ ಅಚ್ಚರಿ ಹುಟ್ಟಿಸುವಂಥದು. ಅದೂ 1870ರ ದಶಕದ ಗಣಿ. ಆಳ ಸುಮಾರು 2.4 ಕಿಲೋಮೀಟರ್. ಅಲ್ಲೂ 1960ರ ದಶಕದಲ್ಲಿ ರೇ ಡೇವಿಸ್ ಎಂಬ ವಿಜ್ಞಾನಿ ನೆಲದಡಿ ಕೂತು ನ್ಯೂಟ್ರಿನೊ ಹುಡುಕಿದ. ಸೂರ್ಯನಿಂದ ಬರುವ ನ್ಯೂಟ್ರಿನೊಗಳನ್ನು ಹಿಡಿದದ್ದಕ್ಕೆ 2002ರಲ್ಲಿ ನೊಬೆಲ್ ಪಡೆದ. ಕೋಲಾರ ನಿಂತು ವರ್ಷ ತುಂಬುವುದರೊಳಗೆ ಹೋಂಸ್ಟೇಕ್ ಕೂಡ ನಿಂತಿತು. 2003ರಲ್ಲಿ ಅಲ್ಲಿನ ಪಂಪುಗಳನ್ನೂ ನಿಲ್ಲಿಸಲಾಯಿತು, ನೀರು ತುಂಬತೊಡಗಿತು.

ಅಲ್ಲಿಂದ ಮುಂದೆ ಎರಡು ಗಣಿಗಳ ದಾರಿ ಬೇರೆಯಾಯಿತು. ಗಣಿಯ ಒಡೆತನದ ಕಂಪನಿ 2006ರಲ್ಲಿ ಅದನ್ನು ರಾಜ್ಯಕ್ಕೆ ದಾನ ಮಾಡಿತು. ಉದಾರಿಯೊಬ್ಬರು ಏಳು ಕೋಟಿ ಡಾಲರ್ ಕೊಟ್ಟರು. 2008ರಿಂದ ಮತ್ತೆ ನೀರೆತ್ತಿ, ಶಾಫ್ಟ್ ದುರಸ್ತಿ ಮಾಡಿ, 4,850 ಅಡಿ ಆಳದಲ್ಲಿ ಪ್ರಯೋಗಾಲಯ ಕಟ್ಟಿದರು. ಇಂದು ಅಲ್ಲಿ ಜಗತ್ತಿನ ವಿಜ್ಞಾನಿಗಳು ದುಡಿಯುತ್ತಾರೆ. ಭಾರತದಲ್ಲೋ, ಕೋಲಾರ ಕೈತಪ್ಪಿದ ಮೇಲೆ ತಮಿಳುನಾಡಿನ ತೇಣಿ ಜಿಲ್ಲೆಯ ಬೆಟ್ಟದಡಿ ಹೊಸ ನ್ಯೂಟ್ರಿನೊ ಪ್ರಯೋಗಾಲಯ ಕಟ್ಟುವ ಯೋಜನೆ ಸಿದ್ಧವಾಯಿತು; ಅದು ಆಕ್ಷೇಪಣೆ, ಮೊಕದ್ದಮೆಗಳ ನಡುವೆ ನೆನೆಗುದಿಗೆ ಬಿತ್ತು. 1965ರಲ್ಲಿ ಜಗತ್ತಿಗೆ ದಾರಿ ತೋರಿದ ಸುರಂಗ ಮಾತ್ರ ನೀರಿನಡಿ ಮಲಗಿದೆ.

ಜನ ನೋಡಲೆಂದೇ ಉಳಿಸಿಕೊಂಡ ಗಣಿಗಳೂ ಇವೆ. ಸ್ವೀಡನ್ನಿನ ಫಾಲುನ್ ತಾಮ್ರದ ಗಣಿ 1992ರಲ್ಲಿ ನಿಂತಿತು. 2001ರಲ್ಲಿ, ನಮ್ಮ ಗಣಿ ಮುಚ್ಚಿದ ವರ್ಷವೇ, ವಿಶ್ವ ಪರಂಪರೆಯ ಪಟ್ಟಿ ಸೇರಿತು. ಜಪಾನಿನ ಸಾಡೊ ದ್ವೀಪದ ಚಿನ್ನದ ಗಣಿಗಳಿಗೆ 2024ರಲ್ಲಿ ಅದೇ ಗೌರವ ದೊರೆಯಿತು. ಆದರೆ ಅಲ್ಲೆಲ್ಲ ಒಂದು ಎಚ್ಚರವನ್ನು ಗಮನಿಸಬೇಕು. ಫಾಲುನ್‌ನಲ್ಲಿ ಪ್ರವಾಸಿಗರನ್ನು ಕರೆದೊಯ್ಯುವುದು 67 ಮೀಟರ್ ಆಳಕ್ಕೆ ಮಾತ್ರ. ಆ ಚಿಕ್ಕ ಭಾಗವನ್ನು ಆಸರೆ, ಗಾಳಿ, ಬೆಳಕು, ಮಾರ್ಗದರ್ಶಿಗಳೊಂದಿಗೆ ಸದಾ ಕಾಯುತ್ತಾರೆ. ಗಣಿಯನ್ನು ತೋರಿಸುವುದೆಂದರೆ ಬೀಗ ತೆಗೆಯುವುದಲ್ಲ. ಮತ್ತೆ ಅದರ ಆರೈಕೆಗೆ ನಿಲ್ಲುವುದು.

ಇನ್ನೂ ಕೈಗೆಟುಕುವುದು

ಕೋಲಾರದಲ್ಲಿ ಸದ್ಯ ಎಲ್ಲರ ಕಣ್ಣು ನೆಲದ ಮೇಲಿನ ರಾಶಿಗಳ ಮೇಲಿದೆ. ಹದಿಮೂರು ಸೈನೈಡ್ ಗುಡ್ಡಗಳಲ್ಲಿ 3.3 ಕೋಟಿ ಟನ್ ಪುಡಿಯಿದೆ. ಅದರಲ್ಲಿ ಟನ್ನಿಗೆ ಒಂದು ಗ್ರಾಂಗಿಂತಲೂ ಕಡಿಮೆ ಚಿನ್ನ ಉಳಿದಿದೆ. ಹಿಂದಿನ ತಂತ್ರಕ್ಕೆ ದಕ್ಕದೆ ಉಳಿದ ಆ ಚಿನ್ನವನ್ನು ತೆಗೆಯುವ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಬೇಸಿಗೆಯ ಗಾಳಿಗೆ ಈ ಗುಡ್ಡಗಳ ದೂಳು ಕುಡಿದು ಬದುಕುತ್ತಿರುವ ಊರಿಗೆ ಅದರಿಂದ ದುಡಿಮೆಯೂ ಶುದ್ಧ ಗಾಳಿಯೂ ಸಿಕ್ಕರೆ ಒಳ್ಳೆಯದೇ.

ಸುರಂಗಗಳ ವಿಷಯ ಬಂದಾಗ ಕೇಳಬೇಕಾದ್ದು ಅಷ್ಟು ದುಬಾರಿಯದಲ್ಲ. ತೆರೆದ ಬಾಯಿಗಳೆಲ್ಲವನ್ನೂ ಗುರುತಿಸಿ ಭದ್ರವಾಗಿ ಮುಚ್ಚಬೇಕು. ಇದು ಪರಂಪರೆಯ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಗಣಿಯ ನಕ್ಷೆಗಳನ್ನು ಜೋಪಾನ ಮಾಡಬೇಕು. ನೀರು ತುಂಬಿದ ಮೇಲೆ ಯಾವ ಮನೆಯ ಕೆಳಗೆ ಟೊಳ್ಳಿದೆ, ಯಾವ ಬೀದಿಯ ಕೆಳಗೆ ಗಟ್ಟಿ ಬಂಡೆಯಿದೆ ಎಂದು ಹೇಳಬಲ್ಲದ್ದು ಆ ಕಾಗದಗಳೇ. ಕಬ್ಬಿಣದ ಗೋಪುರಗಳಲ್ಲಿ ಒಂದೆರಡನ್ನಾದರೂ ಗುಜರಿಗೆ ಹೋಗದಂತೆ ಉಳಿಸಿ, ಅವುಗಳ ನೆರಳಲ್ಲಿ ಮಕ್ಕಳು ನೋಡಿ ಕಲಿಯಬಹುದಾದ ಒಳ್ಳೆಯ ವಸ್ತುಸಂಗ್ರಹಾಲಯ ಕಟ್ಟಬೇಕು. ನ್ಯೂಟ್ರಿನೊ ಹಿಡಿದ ಕಥೆ ಅಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ಇರಬೇಕು.

ಎಲ್ಲಕ್ಕಿಂತ ತುರ್ತಿನದು ಇನ್ನೊಂದಿದೆ. 2001ರಲ್ಲಿ ಮೂವತ್ತರ ಹರೆಯದಲ್ಲಿದ್ದ ಗಣಿಕಾರ್ಮಿಕರು ಈಗ ಅರವತ್ತರ ಸಮೀಪದಲ್ಲಿದ್ದಾರೆ. ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಎಷ್ಟನೆಯ ಲೆವೆಲ್‌ನಲ್ಲಿ ಬಂಡೆ ಹೇಗೆ ನರಳುತ್ತಿತ್ತು, ಸಿಡಿಯುವ ಮುನ್ನ ಯಾವ ಸದ್ದು ಬರುತ್ತಿತ್ತು, ಕಲ್ಲಿನ ಗೋಡೆಗೆ ಮೊದಲ ಕಲ್ಲು ಎಲ್ಲಿ ಇಡಬೇಕು ಎಂಬುದು ಯಾವ ನಕ್ಷೆಯಲ್ಲೂ ಇಲ್ಲ. ಅದು ಅವರ ನೆನಪಿನಲ್ಲಿದೆ. ಕೆಜಿಎಫ್‌ನ ಸುರಂಗಗಳಲ್ಲಿ ಇಂದಿಗೂ ನಡೆದಾಡಬಲ್ಲವರು ಅವರೊಬ್ಬರೇ. ಒಳಗೆ ಏನಿದೆ ಎಂಬ ಕುತೂಹಲವುಳ್ಳವರು ಮುಚ್ಚಿದ ಶಾಫ್ಟಿನ ಬೇಲಿ ಹಾರಬೇಕಾಗಿಲ್ಲ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳ ಗಣಿ ಕಾಲೋನಿಯಲ್ಲಿ ಯಾರದಾದರೂ ಮನೆಯ ಜಗಲಿಯ ಮೇಲೆ ಕೂತು ಕೇಳಿದರೆ ಸಾಕು.